ಅರವತ್ತನಾಲ್ಕರಲ್ಲಿ ಹಾಕಿದ ಅರ್ಜಿ

ಕಲಿಕೆಗೆ ವಯಸ್ಸಿನ ಕಟ್ಟಳೆಯಿಲ್ಲವೆಂಬ ಮಾತನ್ನು ನಾವು ಮೂವತ್ತನಾಲ್ಕು ವರ್ಷಗಳ ಕಾಲ ತರಗತಿಯಲ್ಲಿ ನಿಂತು ಮಕ್ಕಳಿಗೆ ಹೇಳಿದ್ದೇವೆ. ಮಠದ ಸಭೆಗಳಲ್ಲಿ ಹಿರಿಯರಿಗೂ ಹೇಳಿದ್ದೇವೆ. ಹೇಳುವುದು ಸುಲಭ. ಆ ಮಾತು ತಿರುಗಿ ನಮ್ಮ ಕೊರಳಿಗೇ ಬಂದಾಗ ಅದರ ಭಾರವೆಷ್ಟೆಂಬುದು ತಿಳಿಯಿತು. ನಿವೃತ್ತರಾಗಿ ಮೂರು ವರ್ಷ ಕಳೆದ ಮೇಲೆ, 2023ರಲ್ಲಿ, ಸಾಕ್ಷರತೆಯನ್ನು ಕುರಿತ ಪಿಎಚ್.ಡಿ. ಅಧ್ಯಯನಕ್ಕಾಗಿ ನಾವು ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದೆವು. ಆಯ್ಕೆಯಾಗಲಿಲ್ಲ. ಮರುವರ್ಷ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಮತ್ತೆ ಹಾಕಿದೆವು. ಈ ಎರಡು ಅರ್ಜಿಗಳ ನಡುವಿನ ಒಂದು ವರ್ಷದಲ್ಲಿ ನಾವು ಕಲಿತ ಪಾಠವನ್ನು, ಅದರೊಡನೆ ನಮ್ಮ ತಾಯಿಯವರ ವಿಷಯದಲ್ಲಿ ನಾವೆಸಗಿದ ಒಂದು ತಪ್ಪನ್ನು, ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮದು ಉತ್ತರ ಕರ್ನಾಟಕದ ಒಂದು ಸಣ್ಣ ಹಳ್ಳಿ. ತಂದೆಯವರು ಬೇಗನೆ ಲಿಂಗೈಕ್ಯರಾದುದರಿಂದ ಹತ್ತನೆಯ ವಯಸ್ಸಿನಲ್ಲಿ, 1970ರಲ್ಲಿ, ನಮ್ಮನ್ನು ಮಠದ ಪ್ರಸಾದನಿಲಯಕ್ಕೆ ಸೇರಿಸಲಾಯಿತು. ಅಲ್ಲಿಯ ಪಾಠಕ್ರಮವನ್ನು ಬಲ್ಲವರು ಬಲ್ಲರು. ನಸುಕಿನಲ್ಲಿ ಎದ್ದು, ಸ್ನಾನ ಪೂಜೆಗಳನ್ನು ಮುಗಿಸಿ, ಸಾಲಾಗಿ ಕುಳಿತು ಅಮರಕೋಶವನ್ನು ಗುರುಗಳು ಹೇಳಿದಂತೆ ಹೇಳಬೇಕು. ಪುಸ್ತಕ ಕೈಗೆ ಬರುವ ಮೊದಲು ಪಾಠ ಕಂಠಕ್ಕೆ ಬರಬೇಕು. ಶಬ್ದರೂಪಗಳು, ಧಾತುರೂಪಗಳು, ವಚನಗಳು ಎಲ್ಲವೂ ಹೀಗೆ ಕಿವಿಯಿಂದಲೇ ಒಳಗಿಳಿದವು. ಮುಂದೆ ಕಾವ್ಯ, ಸಾಹಿತ್ಯ ಪರೀಕ್ಷೆಗಳನ್ನು ದಾಟಿ, ಕನ್ನಡದಲ್ಲಿ ಎಂ.ಎ. ಮುಗಿಸಿ, ಮಠದ ಪ್ರೌಢಶಾಲೆಯಲ್ಲಿಯೇ ಅಧ್ಯಾಪಕರಾಗಿ 2020ರಲ್ಲಿ ನಿವೃತ್ತರಾದೆವು.

ನಮ್ಮವ್ವನಿಗೆ ಓದು ಬರಹ ಬಾರದು. ಆದರೆ ಅವರ ಬಾಯಲ್ಲಿ ಎಷ್ಟು ವಚನಗಳಿದ್ದವೆಂದು ಎಣಿಸಿದವರಿಲ್ಲ. ಬೀಸುವಾಗ, ಕಳೆ ತೆಗೆಯುವಾಗ, ದನ ಮೈತೊಳೆಯುವಾಗ ಒಂದರ ಹಿಂದೊಂದು ಬರುತ್ತಿದ್ದವು. ನಾವು ರಜೆಗೆ ಊರಿಗೆ ಬಂದು ಪುಸ್ತಕ ಹಿಡಿದು ಓದುತ್ತಿದ್ದರೆ, ಒಲೆಯ ಮುಂದಿನಿಂದಲೇ ತಪ್ಪು ತಿದ್ದುತ್ತಿದ್ದರು. ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲ ಗೀರಿನಿಂದ ಇಡುತ್ತಿದ್ದರು. ಉದ್ದಗೀರು ಸೇರಿಗೆ, ಗಿಡ್ಡಗೀರು ಅರ್ಧ ಸೇರಿಗೆ, ಹಣ ಬಂದ ದಿನ ಅಡ್ಡಗೀರು. ಒಬ್ಬೊಬ್ಬ ಗಿರಾಕಿಗೆ ಗೋಡೆಯ ಒಂದೊಂದು ಕಡೆ. ಆ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ. ಆದರೂ ಜನಗಣತಿಯವರು ಬಂದಾಗಲೆಲ್ಲ ಅವರ ಹೆಸರಿನ ಮುಂದೆ ಅನಕ್ಷರಸ್ಥೆ ಎಂದೇ ಬರೆದುಕೊಂಡು ಹೋದರು. ಅದನ್ನು ನಾವೂ ನಂಬಿದ್ದೆವು.

ಸಾಕ್ಷರತೆಯ ವಿಷಯವೇ ನಮ್ಮ ಮನಸ್ಸನ್ನು ಹಿಡಿದುದಕ್ಕೆ ಒಂದು ಹಳೆಯ ನೋಟುಪುಸ್ತಕ ಕಾರಣ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪಿತವಾಯಿತು. 1990ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾದ ಮೇಲೆ ಆ ಆಂದೋಲನ ನಮ್ಮ ರಾಜ್ಯದ ಜಿಲ್ಲೆಗಳಿಗೂ ಹಬ್ಬಿತು. ಸಂಬಳವಿಲ್ಲದ ಸ್ವಯಂಸೇವಕರು, ಮೂರು ಭಾಗಗಳ ಪಾಠಪುಸ್ತಕ, ಸುಮಾರು 200 ಗಂಟೆಗಳ ಕಲಿಕೆ, ಇದು ಅದರ ಕ್ರಮ. 1992ರಲ್ಲಿ ನಾವೂ ನಮ್ಮೂರಿನ ಗುಡಿಯ ಕಟ್ಟೆಯಲ್ಲಿ ಕಂದೀಲು ಹಚ್ಚಿ 31 ಜನ ತಾಯಂದಿರಿಗೆ ಪಾಠ ಹೇಳಿದೆವು. ಅವರಲ್ಲಿ ನಮ್ಮವ್ವನೂ ಒಬ್ಬರು. ಕಲಿತವರೆಲ್ಲರೂ ಕೊನೆಯ ದಿನ ಆ ನೋಟುಪುಸ್ತಕದಲ್ಲಿ ತಮ್ಮ ತಮ್ಮ ಸಹಿ ಮಾಡಿದರು. ನಿವೃತ್ತಿಯ ನಂತರ ಪುಸ್ತಕದ ಕಪಾಟನ್ನು ಒಪ್ಪ ಮಾಡುವಾಗ ಅದು ಕೈಗೆ ಸಿಕ್ಕಿತು. ಇದನ್ನು ಕುರಿತು ಏನಾದರೂ ಬರೆಯಬೇಕೆಂಬ ಹಂಬಲ ಅಂದು ಹುಟ್ಟಿತು.

ಸಾಕ್ಷರತಾ ಅಧ್ಯಯನವೆಂಬ ಹೆಸರಿನಲ್ಲಿಯೇ ಡಾಕ್ಟರೇಟ್ ವ್ಯಾಸಂಗವುಳ್ಳ ವಿಶ್ವವಿದ್ಯಾಲಯಗಳು ಅಮೆರಿಕದಲ್ಲಿ ಕೆಲವಿವೆ. ಅಲ್ಲಿಯ ಮಿಡ್ಲ್ ಟೆನೆಸಿ ರಾಜ್ಯ ವಿಶ್ವವಿದ್ಯಾಲಯ ಅಂಥದೊಂದು. ನಮ್ಮಲ್ಲಿ ಈ ವಿಷಯ ಬಹುಮಟ್ಟಿಗೆ ಶಿಕ್ಷಣಶಾಸ್ತ್ರ, ವಯಸ್ಕರ ಶಿಕ್ಷಣ, ಭಾಷಾಶಾಸ್ತ್ರ, ಕನ್ನಡ ಅಧ್ಯಯನ ಮೊದಲಾದ ವಿಭಾಗಗಳ ನೆರಳಿನಲ್ಲಿ ಬದುಕುತ್ತಿದೆ. ನಮ್ಮ ಎಂ.ಎ. ಪದವಿಗೆ ಹೊಂದುವಂತೆ ನಾವು ಕನ್ನಡ ಅಧ್ಯಯನ ವಿಭಾಗವನ್ನು ಆರಿಸಿಕೊಂಡೆವು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರಿನಲ್ಲಿ ಪಿಎಚ್.ಡಿ.ಗೆ ಹೊಸ ನಿಯಮಗಳನ್ನು ಹೊರಡಿಸಿದೆ. ಅವುಗಳಲ್ಲಿ ಅಭ್ಯರ್ಥಿಯ ವಯೋಮಿತಿಯ ಮಾತೇ ಇಲ್ಲ. ಸ್ನಾತಕೋತ್ತರ ಪದವಿಯಲ್ಲಿ 55 ಪ್ರತಿಶತ ಅಂಕಗಳಿರಬೇಕು. ಹಿಂದುಳಿದ ಮತ್ತು ಪರಿಶಿಷ್ಟ ವರ್ಗಗಳೇ ಮೊದಲಾದವರಿಗೆ 5 ಪ್ರತಿಶತ ವಿನಾಯಿತಿಯುಂಟು. ನಮಗೆ 57 ಇದ್ದವು. ನಲವತ್ತು ವರ್ಷಗಳ ಹಿಂದೆ ಆ ಎರಡು ಅಂಕಗಳು ಹೆಚ್ಚಿಗೆ ಬಂದುದರ ಬೆಲೆ ಅಂದು ತಿಳಿಯಿತು.

ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬಿದವಳು ನಮ್ಮ ಮೊಮ್ಮಗಳು. “ತಾತಾ, ಬಿಳಿ ಹಾಳೆಯ ಮೇಲೆ ಸಹಿ ಮಾಡಿ, ಫೋಟೊ ತೆಗೆಯುತ್ತೇನೆ” ಎಂದಳು. ಮಾಡಿದೆವು. ದಾಖಲೆಗಳ ಪರಿಶೀಲನೆಯ ದಿನ ಕಿಟಕಿಯ ಹಿಂದಿದ್ದ ತರುಣ ಗುಮಾಸ್ತರು ಅರ್ಜಿಯ ಸಹಿಯನ್ನು ಗುರುತಿನ ಚೀಟಿಯ ಸಹಿಯ ಪಕ್ಕದಲ್ಲಿ ಹಿಡಿದು, “ಅಜ್ಜಾರ, ಎರಡೂ ಹೊಂದುತಾ ಇಲ್ರಿ, ಇನ್ನೊಮ್ಮೆ ಮಾಡಿರಿ” ಎಂದರು. ಮಾಡಿದೆವು. ಅದೂ ಹೊಂದಲಿಲ್ಲ. ಹಿಂದೆ ಸಾಲಿನಲ್ಲಿ ನಿಂತ ಹುಡುಗರು ಪಿಸುಗುಟ್ಟತೊಡಗಿದರು. ಮೂರನೆಯ ಸಲ ಕೈ ನಡುಗಿತು. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ಕೈ! ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು ನಕ್ಕು ಒಪ್ಪಿಕೊಂಡರು. ಮನೆಗೆ ಬಂದು ಇದನ್ನು ವಿನೋದವಾಗಿ ಹೇಳಿ ಎಲ್ಲರನ್ನೂ ನಗಿಸಿದೆವು. ಅದರೊಳಗೆ ನಮಗೊಂದು ಪಾಠ ಕಾದಿದೆಯೆಂಬುದು ಆಗ ಹೊಳೆಯಲಿಲ್ಲ.

ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಭಾಗ ವಿಷಯಜ್ಞಾನ, ಅರ್ಧ ಭಾಗ ಸಂಶೋಧನಾ ವಿಧಾನ. ವಿಷಯ ನಮಗೆ ಪರಿಚಿತ, ವಿಧಾನ ಹೊಸದು. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆಗಳನ್ನು ಮೊಮ್ಮಗಳು ಹೇಳಿಕೊಟ್ಟಳು. ನಾವು ಶಬ್ದಮಂಜರಿಯಂತೆ ಬಾಯಿಪಾಠ ಮಾಡಿದೆವು. “ಬಾಯಿಪಾಠ ಬೇಡ, ತಿಳಿದುಕೊಳ್ಳಿ ತಾತಾ” ಎಂದು ಅವಳು ಗದರಿದಾಗ, ಎಷ್ಟೋ ಮಕ್ಕಳಿಗೆ ನಾವು ಗದರಿದ್ದು ನೆನಪಾಯಿತು. ಅಂತೂ 50 ಅಂಕಗಳ ಗಡಿಯನ್ನು ಸ್ವಲ್ಪದರಲ್ಲಿ ದಾಟಿ ಸಂದರ್ಶನಕ್ಕೆ ಹೋದೆವು.

ನಾವು ಒಯ್ದಿದ್ದ ಸಂಶೋಧನಾ ಪ್ರಸ್ತಾವದ ವಿಷಯ ಬಹು ದೊಡ್ಡದು: ಹನ್ನೆರಡನೆಯ ಶತಮಾನದ ಶರಣರು ನಾಡಿನ ದುಡಿಯುವ ಜನರೆಲ್ಲರನ್ನೂ ಅಕ್ಷರವಂತರನ್ನಾಗಿ ಮಾಡಿದರೆಂಬುದು. ಇಪ್ಪತ್ತು ಪುಟಗಳನ್ನು ತುಂಬ ಅಭಿಮಾನದಿಂದ ಬರೆದಿದ್ದೆವು. ಸಂದರ್ಶನ ಮಂಡಲಿಯ ಪ್ರಾಧ್ಯಾಪಕಿಯೊಬ್ಬರು ಅದನ್ನು ಗಮನವಿಟ್ಟು ಓದಿ, ಬಹು ವಿನಯದಿಂದ ಕೇಳಿದರು: “ಗುರುಗಳೇ, ವಚನ ಹೇಳಿದ ಶರಣರೆಲ್ಲರೂ ಬರೆಯಲು ಬಲ್ಲವರಾಗಿದ್ದರೆಂಬುದಕ್ಕೆ ಆಧಾರವೇನು? ಹೇಳಿದವರು ಯಾರು, ಬರೆದುಕೊಂಡವರು ಯಾರು? ಈಗ ನಮ್ಮ ಕೈಗೆ ಸಿಕ್ಕಿರುವ ಓಲೆಗಳು ಯಾವ ಕಾಲದವು?”

ನಮಗೆ ಉತ್ತರ ತಿಳಿಯದೆ ಇರಲಿಲ್ಲ. ವಚನಗಳನ್ನು ಕಟ್ಟುಕಟ್ಟಾಗಿ ಸಂಕಲಿಸಿದ ಮಹಾಕಾರ್ಯ ಬಹುಮಟ್ಟಿಗೆ 15ನೆಯ ಶತಮಾನ ಮತ್ತು ಅನಂತರದ್ದು. ಶಿವಗಣಪ್ರಸಾದಿ ಮಹದೇವಯ್ಯನವರ ಶೂನ್ಯಸಂಪಾದನೆ ಆ ಕಾಲದ್ದೇ. ಫ. ಗು. ಹಳಕಟ್ಟಿಯವರು ಮನೆ ಮನೆ ಅಲೆದು ಓಲೆಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಶ್ರಮವನ್ನು ನಾವೇ ಎಷ್ಟೋ ಸಭೆಗಳಲ್ಲಿ ವರ್ಣಿಸಿದ್ದೇವೆ. ಓಲೆಗೂ ಮೊದಲು, ಓಲೆಯ ಜೊತೆಗೂ ಆ ಮಾತುಗಳು ಜನರ ನಾಲಗೆಯ ಮೇಲೆ ನಡೆದು ಬಂದುವೆಂಬುದೂ ಗೊತ್ತು. ಆದರೆ ಆ ತಿಳಿವಳಿಕೆಯನ್ನು ಪ್ರಸ್ತಾವದಲ್ಲಿ ಬದಿಗಿಟ್ಟಿದ್ದೆವು. ಅಭಿಮಾನ ಬೇರೆ, ಪ್ರಮಾಣ ಬೇರೆ. ಬರೆಯಬಲ್ಲವರು ಮಾತ್ರ ದೊಡ್ಡವರೆಂಬ ಭಾವನೆ ನಮ್ಮಲ್ಲಿ ಬೇರೂರಿದ್ದುದರಿಂದಲೇ ಶರಣರಿಗೆಲ್ಲ ಬರಹದ ಕಿರೀಟ ತೊಡಿಸಲು ಹೊರಟಿದ್ದೆವು. ಅದಿಲ್ಲದಿದ್ದರೂ ಅವರ ಹಿರಿಮೆಗೆ ಕುಂದಿಲ್ಲವೆಂದು ಹೇಳುವ ಧೈರ್ಯ ನಮಗಿರಲಿಲ್ಲ.

ಆಯ್ಕೆಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಒಂದು ವಾರ ಮನಸ್ಸಿಗೆ ಕಸಿವಿಸಿಯಾದುದು ನಿಜ. ಅನಂತರ ಆ ಪ್ರಾಧ್ಯಾಪಕಿಯವರನ್ನು ಕಂಡು, ಏನು ಓದಬೇಕೆಂದು ಕೇಳಿದೆವು. ಅವರು ಎರಡು ಪುಸ್ತಕಗಳ ಹೆಸರು ಹೇಳಿದರು.

ಮೊದಲನೆಯದು ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ ಎಂಬ ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ್ದು. ಪಶ್ಚಿಮ ಆಫ್ರಿಕದ ಲೈಬೀರಿಯಾ ದೇಶದಲ್ಲಿ ವಾಯಿ ಎಂಬ ಜನಾಂಗವಿದೆ. ಅವರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮವರೇ ರೂಪಿಸಿಕೊಂಡ ಸ್ವಂತ ಲಿಪಿಯುಂಟು. ಅದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಬಂಧುಗಳಿಂದ, ಗೆಳೆಯರಿಂದ ಕಲಿತು ಪತ್ರ ಬರೆಯಲು, ಲೆಕ್ಕ ಇಡಲು ಬಳಸುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್, ಧರ್ಮಪಾಠದಲ್ಲಿ ಅರಬ್ಬಿ. ಒಂದೇ ಊರಿನಲ್ಲಿ ಮೂರು ಬಗೆಯ ಅಕ್ಷರವಂತರು! ಅಕ್ಷರ ಕಲಿತ ಮಾತ್ರಕ್ಕೆ ಮನುಷ್ಯನ ಬುದ್ಧಿಯೇ ಬೇರೆಯಾಗುತ್ತದೆಂಬ ನಂಬಿಕೆಯನ್ನು ಆ ವಿದ್ವಾಂಸರು ಅಲ್ಲಿ ಪರೀಕ್ಷಿಸಿದರು. ಅದು ನಿಲ್ಲಲಿಲ್ಲ. ಯಾವ ಅಕ್ಷರವನ್ನು ಯಾವ ಕೆಲಸಕ್ಕೆ ಬಳಸುತ್ತೇವೆಯೋ ಆ ಕೆಲಸದ ಜಾಣ್ಮೆ ಬೆಳೆಯುತ್ತದೆ. ಶಾಲೆಯಿಂದ ಬರುವ ಗುಣವನ್ನು ಅಕ್ಷರದ ಲೆಕ್ಕಕ್ಕೆ ಹಾಕಬಾರದು ಎಂಬುದು ಅವರ ನಿರ್ಣಯದ ಸಾರ.

ಎರಡನೆಯದು ಇಂಗ್ಲೆಂಡಿನ ಬ್ರಯನ್ ಸ್ಟ್ರೀಟ್ ಅವರು 1984ರಲ್ಲಿ ಬರೆದದ್ದು. ಅವರು 1970ರ ದಶಕದಲ್ಲಿ ಇರಾನಿನ ಮಷಹದ್ ನಗರದ ಬಳಿಯ ಹಳ್ಳಿಗಳಲ್ಲಿ ಇದ್ದು ನೋಡಿದವರು. ಅಲ್ಲಿಯ ಹಣ್ಣಿನ ವ್ಯಾಪಾರಿಗಳು ಮಕ್ಕಳಾಗಿದ್ದಾಗ ಊರಿನ ಧರ್ಮಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ಹೊರಗಿನವರ ಕಣ್ಣಿಗೆ ಅದು ಗಿಳಿಪಾಠ. ಆದರೆ ಅದೇ ಅಕ್ಷರವನ್ನು ಅವರು ಮುಂದೆ ಸರಕಿನ ಪಟ್ಟಿ, ಕರಾರು, ಲೆಕ್ಕಪತ್ರಗಳಿಗೆ ಒಗ್ಗಿಸಿಕೊಂಡು ವ್ಯಾಪಾರವನ್ನು ಬೆಳೆಸಿದ್ದರು. ಸಾಕ್ಷರತೆಯೆಂಬುದು ಎಲ್ಲೆಲ್ಲಿಯೂ ಒಂದೇ ಆಗಿರುವ ವಸ್ತುವಲ್ಲ. ಯಾರ ಅಧಿಕಾರದಲ್ಲಿ, ಯಾವ ಸಮಾಜದಲ್ಲಿ, ಯಾವ ಉದ್ದೇಶಕ್ಕೆ ನಡೆಯುತ್ತದೆಯೋ ಅದರಂತೆ ಅದರ ರೂಪ ಎಂದು ಅವರು ವಾದಿಸಿದರು.

ಮಠದ ಪಾಠದ ಸಾಲಿನಲ್ಲಿ ಕುಳಿತಿದ್ದ ನಮಗೆ ಇದು ಹೊಸದೇನಲ್ಲ. ಆದರೂ ಹೊಸದಾಗಿಯೇ ಕಂಡಿತು. ಅಮರಕೋಶವನ್ನು ನಾವು ಕಂಠಪಾಠ ಮಾಡಿದರೆ ಪಾಂಡಿತ್ಯವೆನಿಸಿತು. ನೂರಾರು ವಚನಗಳನ್ನು ಅವ್ವ ಕಂಠಪಾಠ ಮಾಡಿದರೆ ಅನಕ್ಷರತೆಯೆನಿಸಿತು. ಕಲಿತ ದಾರಿ ಇಬ್ಬರದೂ ಒಂದೇ. ನಮ್ಮ ಕೈಗೆ ಪುಸ್ತಕ ಕೊಡುವವರೊಬ್ಬರಿದ್ದರು, ಅವ್ವನಿಗೆ ಇರಲಿಲ್ಲ.

ಆ ಬೇಸಿಗೆಯಲ್ಲಿ ನೋಟುಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಊರಿಗೆ ಹೋದೆವು. 31 ಜನರಲ್ಲಿ ಒಂಬತ್ತು ಜನ ಮಾತ್ರ ಉಳಿದಿದ್ದರು. ಒಬ್ಬೊಬ್ಬರ ಮನೆಗೂ ಹೋಗಿ, ಕಲಿತ ಅಕ್ಷರ ಏನಾಯಿತೆಂದು ಕೇಳಿದೆವು. ಒಬ್ಬರು ಬಸ್ಸಿನ ಫಲಕ ಓದುತ್ತಾರೆ. ಅಷ್ಟು ಸಾಕಾಯಿತು ಎಂದರು. ಒಬ್ಬರು ಸ್ತ್ರೀಶಕ್ತಿ ಸಂಘದ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದಿನ ಮೊತ್ತವನ್ನು ಪ್ರತಿವಾರ ತಾವೇ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಇನ್ನೊಬ್ಬರು ದಪ್ಪಕ್ಷರದ ವಚನಗಳ ಪುಸ್ತಕವನ್ನು ಬೆರಳಿಟ್ಟು ಓದುತ್ತಾರೆ, ಆದರೆ ಬರೆಯಲು ಬಾರದು. ಜನಗಣತಿಯ ಲೆಕ್ಕದಲ್ಲಿ ಏಳು ವರ್ಷ ಮೇಲ್ಪಟ್ಟವರು ಯಾವುದಾದರೊಂದು ಭಾಷೆಯನ್ನು ತಿಳಿದು ಓದಲು ಬರೆಯಲು ಎರಡೂ ಬಲ್ಲವರಾಗಿರಬೇಕು. ಓದಬಲ್ಲ, ಬರೆಯಲಾರದ ಈ ತಾಯಿ ಸಾಕ್ಷರಳಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಸಾಕ್ಷರತೆ 75.36 ಪ್ರತಿಶತ, ಗಂಡಸರದು 82.47, ಹೆಂಗಸರದು 68.08. ಆ ಅಂಕಿಗಳನ್ನು ನಾವು ಎಷ್ಟೋ ಭಾಷಣಗಳಲ್ಲಿ ಬಳಸಿದ್ದೇವೆ. ಆ ಗೆರೆಯ ಕೆಳಗೆ ಇಂಥ ಓದುಗರೂ ಇದ್ದಾರೆಂಬುದನ್ನು ಯೋಚಿಸಿರಲಿಲ್ಲ.

ಕೊನೆಗೆ ನೆರೆಮನೆಯ ಅಜ್ಜಿಯ ಬಳಿ ಕುಳಿತೆವು. ಅವ್ವನ ಜೀವದ ಗೆಳತಿ. ನೋಟುಪುಸ್ತಕ ತೆರೆದು ಅವ್ವನ ಸಹಿಯನ್ನು ತೋರಿಸಿದೆವು. ಅಜ್ಜಿ ಬಹಳ ಹೊತ್ತು ನೋಡಿ ಕೇಳಿದರು: “ನಿಮ್ಮವ್ವ ಸಹಿ ಬಿಟ್ಟಿದ್ದು ಯಾಕಂತ ನಿನಗ ಗೊತ್ತೈತೇನೋ ಯಪ್ಪಾ?”

ಇಲ್ಲಿ ಓದುಗರಿಗೆ ಹಿಂದಿನ ಒಂದು ಸಂಗತಿಯನ್ನು ಹೇಳಬೇಕು. ಸಹಿ ಕಲಿತ ಮರುವರ್ಷ, ನಾವು ರಜೆಗೆ ಊರಿಗೆ ಹೋದಾಗ, ಅವ್ವನ ಹೆಬ್ಬೆಟ್ಟಿನ ಮೇಲೆ ಮಸಿಯ ಕಲೆ ಕಂಡಿತು. ಕೇಳಿದರೆ ಹಣ ತೆಗೆಸಲು ಹೆಬ್ಬೆಟ್ಟು ಒತ್ತಿದೆನೆಂದರು. ನಮಗೆ ಸಿಟ್ಟು ನೆತ್ತಿಗೇರಿತು. “ಊರಿಗೆಲ್ಲ ಅಕ್ಷರ ಕಲಿಸಿದವನ ತಾಯಿಯೇ ಹೆಬ್ಬೆಟ್ಟು ಒತ್ತಿದರೆ ನನ್ನ ಮಾನ ಏನಾಯಿತು? ಕಲಿತದ್ದನ್ನು ಉಳಿಸಿಕೊಳ್ಳಲು ಅಷ್ಟೂ ಆಸ್ಥೆ ಇಲ್ಲವೇ?” ಎಂದೆವು. ಅವ್ವ ರೊಟ್ಟಿ ಬಡಿಯುತ್ತಿದ್ದವರು ಮುಖ ಎತ್ತದೆ, “ಹೆಬ್ಬೆಟ್ಟು ಬದಲಾಗೂದಿಲ್ಲೋ ಯಪ್ಪಾ” ಎಂದರು. ಅಷ್ಟೇ. ಅದನ್ನು ನಾವು ಮೊಂಡುತನವೆಂದು ಎಣಿಸಿ, ಊಟ ಮಾಡದೆ ಸಂಜೆಯ ಬಸ್ಸಿಗೆ ಮಠಕ್ಕೆ ಹಿಂದಿರುಗಿದೆವು. ಅವ್ವ 2009ರಲ್ಲಿ ಲಿಂಗೈಕ್ಯರಾದರು. ಅಲ್ಲಿಯವರೆಗೂ ಈ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ನಡೆದದ್ದನ್ನು ಅಜ್ಜಿ ಹೇಳಿದರು. ಅಂದು ಇಬ್ಬರೂ ಕೂಡಿ ಹಣ ತೆಗೆಸಲು ಪಟ್ಟಣಕ್ಕೆ ಹೋಗಿದ್ದರು. ಅವ್ವ ಚೀಟಿಯ ಮೇಲೆ ಸಹಿ ಮಾಡಿದರು. ಖಾತೆ ತೆರೆದ ದಿನ ಮಾಡಿದ ಸಹಿಗೂ ಇದಕ್ಕೂ ಹೊಂದಲಿಲ್ಲ. ಹೊಸದಾಗಿ ಕಲಿತವರ ಕೈ, ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದುಂಟೇ? ಮತ್ತೆ ಮಾಡೆಂದರು, ಮಾಡಿದರು. ಮತ್ತೆ ಹೊಂದಲಿಲ್ಲ. ಮೂರನೆಯ ಸಲ ಕೈ ನಡುಗಿತು. ಹಿಂದೆ ನಿಂತವರು ನಕ್ಕರು. ಒಳಗಿದ್ದವರು, “ಬರಲಾರದ್ದನ್ನ ಯಾಕ ಬರೀತೀ, ಒತ್ತು ಹೆಬ್ಬೆಟ್ಟು” ಎಂದು ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದರು. ಅವ್ವ ಒತ್ತಿದರು. ಬರುವಾಗ ದಾರಿಯಲ್ಲಿ ಗೆಳತಿಯಿಂದ ಮಾತು ತೆಗೆದುಕೊಂಡರಂತೆ: “ಅವಗ ಹೇಳಬ್ಯಾಡ. ತನ್ನ ಪಾಠ ತಪ್ಪಾತು ಅಂತ ಮನಸ್ಸಿಗೆ ಹಚ್ಚಿಕೋತಾನ.”

ಓದುಗ ಬಂಧುಗಳೇ, ನಾವು ಆ ಜಗಲಿಯ ಮೇಲೆ ಎಷ್ಟು ಹೊತ್ತು ಕುಳಿತೆವೋ ತಿಳಿಯದು. ವಿಶ್ವವಿದ್ಯಾಲಯದ ಕಿಟಕಿಯ ಮುಂದೆ ನಮ್ಮ ಕೈ ನಡುಗಿದ್ದು ಕಣ್ಣಿಗೆ ಬಂತು. ನಮ್ಮನ್ನು ಹಿರಿಯ ಅಧಿಕಾರಿಯೊಬ್ಬರು ನಕ್ಕು ಒಪ್ಪಿಕೊಂಡರು. ಅವ್ವನನ್ನು ಒಪ್ಪಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದರೆ ಮಗನೂ ಒಪ್ಪಿಕೊಳ್ಳಲಿಲ್ಲ. ಕಲಿತವರು ಮರೆತರೆಂದು ಆಂದೋಲನದ ವರದಿಗಳು ಹೇಳುತ್ತವೆ. ನಾವೂ ಹಾಗೆಯೇ ಬರೆದು ಕಳುಹಿಸಿದ್ದೆವು. ಅವ್ವ ಮರೆತಿರಲಿಲ್ಲ. ಅವರ ಕೈಯಿಂದ ಅಕ್ಷರವನ್ನು ಕಿತ್ತುಕೊಳ್ಳಲಾಗಿತ್ತು.

ಎರಡನೆಯ ಪ್ರಸ್ತಾವವನ್ನು ಬರೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಇಪ್ಪತ್ತು ಪುಟಗಳಿದ್ದದ್ದು ಆರು ಪುಟಗಳಾಯಿತು. ಪ್ರಶ್ನೆ ಒಂದೇ: 1990ರ ದಶಕದ ಆಂದೋಲನದಲ್ಲಿ ಅಕ್ಷರ ಕಲಿತ ಹೆಂಗಸರು ಅನಂತರದ ಮೂವತ್ತು ವರ್ಷಗಳಲ್ಲಿ ಅದನ್ನು ಎಲ್ಲಿ ಬಳಸಿದರು, ಎಲ್ಲಿ ಬಿಟ್ಟರು, ಬಿಡುವಂತೆ ಮಾಡಿದ್ದು ಯಾವುದು? ಮೂರು ಹಳ್ಳಿಗಳು; ಉಳಿದಿರುವ ಕಲಿಕಾರ್ಥಿಗಳ ಮಾತು; ಸಂಘದ ಪುಸ್ತಕ, ಹಳೆಯ ನೋಟುಪುಸ್ತಕ, ಸಿಕ್ಕಿದರೆ ಚೀಟಿ ಚಪಾಟಿಗಳು. ಇಷ್ಟೇ ಸಾಮಗ್ರಿ.

ನಮ್ಮ ಮನೆಗಳ ಮಕ್ಕಳಲ್ಲಿ ಇಂಥ ಅರ್ಜಿ ಹಾಕುವವರು ಈಗ ಅನೇಕರಿದ್ದಾರೆ. ಅವರಿಗಾಗಿ ನಾಲ್ಕು ಮಾತು. ಪ್ರಸ್ತಾವದ ಗಾತ್ರಕ್ಕೆ ಬೆಲೆಯಿಲ್ಲ. ಉತ್ತರ ಹುಡುಕಿ ತೆಗೆಯಬಹುದಾದ ಒಂದು ಪ್ರಶ್ನೆಯಿರಬೇಕು. ಆ ಪ್ರಶ್ನೆಯನ್ನು ಹಿಂದೆ ಯಾರು ಕೇಳಿದ್ದಾರೆ, ನೀವು ಎಲ್ಲಿ, ಯಾರನ್ನು, ಹೇಗೆ ಕೇಳುವಿರಿ, ಎಷ್ಟು ಕಾಲದಲ್ಲಿ ಮುಗಿಸುವಿರಿ ಎಂಬುದು ಸ್ಪಷ್ಟವಾಗಿರಲಿ. ಮಾರ್ಗದರ್ಶಕರು ಬರೆದುದನ್ನು ಓದದೆ ಅವರ ಬಾಗಿಲಿಗೆ ಹೋಗಬೇಡಿರಿ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗಿಂತ ಹೆಚ್ಚು ಸಂಶೋಧಕರನ್ನು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಸ್ಥಾನ ಖಾಲಿಯಿದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ವಿಶ್ವವಿದ್ಯಾಲಯವೇ ನಡೆಸುವ ಪರೀಕ್ಷೆಯಾದರೆ ಲಿಖಿತಕ್ಕೆ 70, ಸಂದರ್ಶನಕ್ಕೆ 30ರ ಪ್ರಮಾಣದಲ್ಲಿ ಬೆಲೆ; 2024ರಿಂದ ನೆಟ್ ಪರೀಕ್ಷೆಯ ಅಂಕಗಳನ್ನು ಪ್ರವೇಶಕ್ಕೆ ಬಳಸುವ ವ್ಯವಸ್ಥೆಯೂ ಬಂದಿದೆ. ವ್ಯಾಸಂಗಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷಗಳ ಸಡಿಲಿಕೆಯುಂಟು. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯುಂಟು. ಮದುವೆಯಾಯಿತೆಂದು ಸೊಸೆಯ ಓದನ್ನು ನಿಲ್ಲಿಸುವ ಮನೆಗಳು ಈ ನಿಯಮವನ್ನೊಮ್ಮೆ ಓದಲಿ.

ಎರಡನೆಯ ಸಂದರ್ಶನದಲ್ಲಿ ಮಂಡಲಿಯ ಒಬ್ಬರು ಕೇಳಿದರು: “ಮುಗಿಯುವ ಹೊತ್ತಿಗೆ ತಮಗೆ ಎಪ್ಪತ್ತು. ಬಡ್ತಿಯಿಲ್ಲ, ನೌಕರಿಯಿಲ್ಲ. ಈ ಪದವಿ ಏಕೆ?” ನಾವು ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟು, “ಇದರಲ್ಲಿ 31 ಹೆಸರುಗಳಿವೆ. ಒಂಬತ್ತು ಜನ ಉಳಿದಿದ್ದಾರೆ. ಇನ್ನು ಹತ್ತು ವರ್ಷ ಬಿಟ್ಟು ತರುಣರೊಬ್ಬರು ಈ ಪ್ರಶ್ನೆ ಹಿಡಿದು ಹೋದರೆ ಉತ್ತರ ಹೇಳಲು ಅಲ್ಲಿ ಯಾರೂ ಇರಲಾರರು” ಎಂದೆವು. ಇನ್ನೊಬ್ಬರು, ಎಲ್ಲರಿಗಿಂತ ಕಿರಿಯರು, ನೇರವಾಗಿ ಕೇಳಿದರು: “ತಮಗೆ ಕೊಟ್ಟರೆ ಯುವಕರೊಬ್ಬರ ಸ್ಥಾನ ಹೋಗುತ್ತದಲ್ಲವೇ?” ಅದು ನ್ಯಾಯವಾದ ಪ್ರಶ್ನೆ. ರಾತ್ರಿಯೆಲ್ಲ ನಮ್ಮನ್ನು ಕಾಡಿದ ಪ್ರಶ್ನೆಯೂ ಹೌದು. “ಹೋಗುತ್ತದೆ. ಅಂಕದಲ್ಲಿ, ಪ್ರಶ್ನೆಯಲ್ಲಿ ಅವರು ನಮಗಿಂತ ಮುಂದಿದ್ದರೆ ಅವರಿಗೇ ಕೊಡಿರಿ. ಬಿಳಿಗಡ್ಡಕ್ಕೆ ಗೌರವವೆಂದು ಮಾತ್ರ ಕೊಡಬೇಡಿರಿ. ಶಿಷ್ಯವೇತನ ನಮಗೆ ಬೇಡ” ಎಂದೆವು. ಬೇರೆ ಉತ್ತರ ನಮ್ಮಲ್ಲಿ ಇರಲಿಲ್ಲ. ಈಗಲೂ ಇಲ್ಲ.

ಪಟ್ಟಿಯ ಕೊನೆಯ ಹೆಸರು ನಮ್ಮದಾಗಿತ್ತು. ಈಗ ನಾವು ಪೂರ್ವಸಿದ್ಧತೆಯ ಪಾಠಗಳನ್ನು ಮುಗಿಸಿ ಕ್ಷೇತ್ರಕಾರ್ಯದಲ್ಲಿದ್ದೇವೆ. ತರಗತಿಯಲ್ಲಿ ನಮ್ಮ ಮಕ್ಕಳಿಗಿಂತ ಕಿರಿಯರ ಪಕ್ಕದಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡೆವು. ಅವರು ಅಜ್ಜಾರ ಎಂದು ಕರೆದು, ಯಂತ್ರದ ಕೆಲಸಗಳನ್ನು ಕಲಿಸಿಕೊಟ್ಟರು. ನಾವು ಅವರ ಕನ್ನಡ ತಿದ್ದಿದೆವು. ಒಂಬತ್ತು ಜನ ತಾಯಂದಿರಲ್ಲಿ ಇಬ್ಬರು ಈ ನಡುವೆ ತೀರಿಕೊಂಡರು. ಅದೃಷ್ಟಕ್ಕೆ ಅವರ ಮಾತುಗಳನ್ನು ಬರೆದುಕೊಂಡಿದ್ದೆವು.

ನಿಮ್ಮ ಮನೆಗಳಲ್ಲಿಯೂ ಇಂಥ ಹಿರಿಯರಿರಬಹುದು. ಅವರು ಹೆಬ್ಬೆಟ್ಟು ಒತ್ತುವುದನ್ನು ಕಂಡರೆ, ಮಕ್ಕಳ ಮುಂದೆ ಹಂಗಿಸುವ ಮೊದಲು, ಏಕೆಂದು ಮೆಲ್ಲನೆ ಕೇಳಿರಿ. ಅವರ ಬಾಯಲ್ಲಿರುವುದನ್ನು ಕೇಳಿ ಬರೆದುಕೊಳ್ಳಿರಿ. ನಾವು ಕೇಳಬಹುದಾಗಿದ್ದ ದಿನ ಕೇಳಲಿಲ್ಲ; ಊಟ ಬಿಟ್ಟು ಬಸ್ಸು ಹತ್ತಿದೆವು. ಇನ್ನು ಯಾವ ಪದವಿ ಬಂದರೂ ಆ ಸಂಜೆ ತಿರುಗಿ ಬರುವುದಿಲ್ಲ. ಪ್ರಬಂಧ ಮುಗಿದರೆ ಅದರ ಮೊದಲ ಪುಟದಲ್ಲಿ ಅವ್ವನ ಆ ಸಹಿಯನ್ನು ಇದ್ದಂತೆಯೇ ಅಚ್ಚು ಹಾಕಿಸಬೇಕೆಂದಿದ್ದೇವೆ. ಅಕ್ಷರಗಳು ಸೊಟ್ಟಗಿವೆ, ವತ್ತು ಗೆರೆಯಿಂದ ಕೆಳಗೆ ಜಾರಿದೆ. ಆದರೆ ಅದು ನಮ್ಮವ್ವನ ಸಹಿಯೇ. ಅದಕ್ಕೆ ನಾವು ಸಾಕ್ಷಿ.